ಕೃಷ್ಣಾ–ಘಟಪ್ರಭೆಗಳ ಸೀಮೆಯಲ್ಲಿ ಅತಿಥಿಯ ನಡೆ

ಪರಸ್ಥಳಕ್ಕೆ ಹೊರಟವನು ದಾರಿಯ ಬುತ್ತಿಯನ್ನು ಕಟ್ಟಿಕೊಳ್ಳುವಂತೆ ಆ ಸ್ಥಳದ ರೀತಿನೀತಿಗಳ ಅಲ್ಪ ತಿಳುವಳಿಕೆಯನ್ನೂ ಕಟ್ಟಿಕೊಂಡು ಹೋಗುವದು ಲೇಸು. ಗುಡಿಗೋಪುರಗಳನ್ನೂ ಹೊಳೆ ಅಣೆಕಟ್ಟುಗಳನ್ನೂ ವರ್ಣಿಸುವ ಪುಸ್ತಕಗಳು ಬೇಕಾದಷ್ಟಿವೆ. ಆದರೆ ಒಂದು ಮನೆಯ ಹೊಸ್ತಿಲಿನ ಮುಂದೆ ನಿಂತಾಗ ಮೊದಲು ಯಾವ ಮಾತನ್ನಾಡಬೇಕು, ಮುಂದಿಟ್ಟ ತಂಬಿಗೆಯನ್ನು ಏನು ಮಾಡಬೇಕು, ಏಳುವಾಗ ಏನೆಂದು ಹೇಳಿ ಏಳಬೇಕು ಎಂಬದನ್ನು ತಿಳಿಸುವ ಪುಸ್ತಕಗಳು ವಿರಳ. ಪ್ರವಾಸದ ಸುಖವೂ ಕಹಿಯೂ ಹೆಚ್ಚಾಗಿ ಇಂಥ ಸಣ್ಣ ಸಂಗತಿಗಳಲ್ಲಿಯೇ ಇರುವವು.

ಇಂಡೋನೇಶಿಯಕ್ಕೆ ಹೊರಟ ಪ್ರವಾಸಿಗೆ ತಿಳಿದವರು ಕೆಲವು ಮಾತುಗಳನ್ನು ಹೇಳಿ ಕಳಿಸುವದುಂಟು. ಕೊಡುವಾಗಲೂ ಕೊಳ್ಳುವಾಗಲೂ ಬಲಗೈಯನ್ನೇ ಬಳಸಬೇಕು. ಯಾರನ್ನೂ ತೋರುಬೆರಳಿನಿಂದ ತೋರಿಸಬಾರದು, ಜಾವಾದವರಂತೆ ಬಲಗೈಯ ಹೆಬ್ಬೆರಳಿನಿಂದ ತೋರಿಸಬೇಕು. ಹಿರಿಯರ ಮುಂದೆ ಹಾಯುವಾಗ ಮೈಯನ್ನು ಕೊಂಚ ಬಾಗಿಸಬೇಕು. ಮುಂದಿಟ್ಟ ಪಾನೀಯವನ್ನು ಮನೆಯವರು ‘ಸಿಲಾಕನ್’ ಎಂದು ಉಪಚರಿಸುವ ವರೆಗೆ ಮುಟ್ಟಬಾರದು. ಈ ಬಗೆಯ ಸದಾಚಾರಕ್ಕೆ ಅವರು ‘ತಾತಾ ಕ್ರಾಮಾ’ ಎನ್ನುವರು. ಅದರಲ್ಲಿಯ ಎರಡನೆಯ ಪದವು ನಮ್ಮ ‘ಕ್ರಮ’ವೇ ಆಗಿದೆ. ಸಂಸ್ಕೃತದ ಪದವೊಂದು ಸಮುದ್ರವನ್ನು ದಾಟಿ ಹೋಗಿ ಅಲ್ಲಿ ಮರ್ಯಾದೆಯ ಹೆಸರಾಗಿ ನಿಂತಿತು. ಅಷ್ಟು ದೂರದ ದ್ವೀಪಕ್ಕೆ ಹೋಗುವವರಿಗೆ ಇಂಥ ತಿಳುವಳಿಕೆ ಬೇಕಾಗುವದಾದರೆ, ನಮ್ಮ ನಾಡಿನದೇ ಒಂದು ಸೀಮೆಯಿಂದ ಇನ್ನೊಂದಕ್ಕೆ ಹೋಗುವವರಿಗೂ ಅದು ಬೇಡವೆ? ಆದುದರಿಂದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಗಳ ಸೀಮೆಯಲ್ಲಿ ಹೊರಗಿನಿಂದ ಬಂದವರು ನಡೆದುಕೊಳ್ಳಬೇಕಾದ ಬಗೆಯನ್ನು ವಾಚಕರ ಮುಂದೆ ಇಡಲು ಇಲ್ಲಿ ಯತ್ನಿಸಿದೆ. ಸೀರೆಯ ವ್ಯಾಪಾರ, ಸಕ್ಕರೆ ಕಾರಖಾನೆಯ ಕೆಲಸ, ಶಾಲೆಯ ನೌಕರಿ, ಹೊಸ ಬೀಗತನ, ಹೀಗೆ ಒಂದಿಲ್ಲೊಂದು ಕಾರಣದಿಂದ ದಕ್ಷಿಣದ ಜಿಲ್ಲೆಗಳವರೂ ಪರಪ್ರಾಂತದವರೂ ಅಲ್ಲಿಗೆ ಹೋಗುತ್ತಲೇ ಇರುವರು.

ಮೊದಲು ಸೀಮೆಯ ಪರಿಚಯವನ್ನು ಮಾಡಿಕೊಳ್ಳೋಣ. ಕೃಷ್ಣಾ, ಘಟಪ್ರಭಾ ಎಂಬ ಎರಡು ಹೊಳೆಗಳು ಈ ಸೀಮೆಯನ್ನು ಕಾಪಾಡುತ್ತಿವೆ. ಮುಧೋಳವು ಘಟಪ್ರಭೆಯ ದಂಡೆಯ ಊರು. ಜಮಖಂಡಿಯಿಂದ ಬಡಗಲಿಗೆ ಕೃಷ್ಣೆ ಹರಿಯುವಳು. ಮುಂದೆ ಚಿಕ್ಕಸಂಗಮದಲ್ಲಿ ಎರಡೂ ಹೊಳೆಗಳು ಕೂಡುವವು. ಎರೆಯ ಭೂಮಿ, ಜೋಳ, ಕಬ್ಬು, ಬೆಲ್ಲ, ಮಗ್ಗ ಇವು ಇಲ್ಲಿಯ ಬದುಕಿನ ಆಧಾರಗಳು. ಹಿಂದೆ ಈ ಚಿಕ್ಕ ಪ್ರದೇಶದಲ್ಲಿ ಹಲವು ಆಳಿಕೆಗಳಿದ್ದವು. ಜಮಖಂಡಿಯು ಪಟವರ್ಧನ ಮನೆತನದ ಒಂದು ಶಾಖೆಯ ರಾಜಧಾನಿ. ರಬಕವಿಯು ಅದೇ ಮನೆತನದ ಇನ್ನೊಂದು ಶಾಖೆಯ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು. ಬೀಳಗಿಯು ಇಂಗ್ಲಿಷರ ಮುಂಬಯಿ ಇಲಾಖೆಯಲ್ಲಿತ್ತು. 1948ರಲ್ಲಿ ಸಂಸ್ಥಾನಗಳು ವಿಲೀನವಾದವು. 1956ರಲ್ಲಿ ಸೀಮೆಯೆಲ್ಲವೂ ಕನ್ನಡ ನಾಡನ್ನು ಕೂಡಿತು. 1997ರಿಂದ ಅದು ಬಾಗಲಕೋಟೆ ಜಿಲ್ಲೆಯಲ್ಲಿದೆ. ಚಕ್ಕಡಿಯಲ್ಲಿ ಒಂದೆರಡು ದಿನ ಸಾಗುವಷ್ಟರಲ್ಲಿ ನಾಲ್ಕು ಸರಕಾರಗಳ ನೆಲವನ್ನು ತುಳಿಯಬೇಕಾಗುತ್ತಿದ್ದ ಆ ಕಾಲದಲ್ಲಿಯೂ ಮನೆಗೆ ಬಂದವರನ್ನು ಕಾಣುವ ರೀತಿ ಮಾತ್ರ ಎಲ್ಲ ಕಡೆಗೂ ಒಂದೇ ಆಗಿತ್ತು. ಅರಸರು ಹೋದರು, ಆ ರೀತಿ ಉಳಿದಿದೆ.

ಅತಿಥಿಯು ಬಾಗಿಲಿಗೆ ಬಂದಾಗ ಪಾದರಕ್ಷೆಗಳನ್ನು ಹೊರಗೆ ಬಿಡಬೇಕೆಂಬದನ್ನು ಯಾವ ಕನ್ನಡಿಗನಿಗೂ ಹೇಳಬೇಕಾಗಿಲ್ಲ. ಹೊಸ್ತಿಲನ್ನು ತುಳಿಯದೆ ದಾಟಬೇಕು. ಅದರ ಮೇಲೆ ಕುಳಿತುಕೊಳ್ಳಬಾರದು. ಹೊಸ್ತಿಲಿನ ಆಚೆ ಈಚೆ ನಿಂತು ಕೊಡುಕೊಳ್ಳುವದೂ ಸಲ್ಲದು. ಹಳೆಯ ಮನೆಗಳಲ್ಲಿ ಮುಂದೆ ಕಟ್ಟೆ, ಒಳಗೆ ಪಡಸಾಲೆ, ಅದರಾಚೆ ಅಡಿಗೆಮನೆ, ದೇವರ ಜಗಲಿ. ಕಟ್ಟೆ ಎಲ್ಲರದು, ಪಡಸಾಲೆ ಅತಿಥಿಗಳದು, ಅದರಾಚೆ ಹೋಗುವದು ಮನೆಯವರು ಕರೆದಾಗ ಮಾತ್ರ. ಬಂದವರಿಗಾಗಿ ಕಂಬಳಿಯನ್ನೋ ಜಮಖಾನೆಯನ್ನೋ ಹಾಸುವರು. ಕುರ್ಚಿಯಿದ್ದರೂ ಹಿರಿಯರು ನೆಲದ ಮೇಲೆ ಕುಳಿತಿದ್ದರೆ ತಾನೂ ನೆಲದ ಮೇಲೆ ಕುಳಿತುಕೊಳ್ಳುವದೇ ಚೆಂದ. ಮುಧೋಳದ ಕಡೆ ಆ ಊರಿನ ಹೆಸರಾದ ಬೇಟೆನಾಯಿ ಅಂಗಳದಲ್ಲಿ ಮಲಗಿದ್ದರೆ ಅಕ್ಕರೆಯಿಂದ ಮೈ ಸವರಲು ಹೋಗುವದು ಬೇಡ. 2005ರಲ್ಲಿ ಅಂಚೆಯ ಚೀಟಿಯ ಮೇಲೂ ಮೆರೆದ ಆ ತಳಿಯು ಅಪರಿಚಿತರ ಕೈಯನ್ನು ಸಹಿಸುವದಿಲ್ಲ. ಪರಿಚಯವಾಗುವ ಮೊದಲೇ ಸಲಿಗೆ ಸಲ್ಲದೆಂಬ ಪಾಠವನ್ನು ಅದು ಚೆನ್ನಾಗಿ ಬಲ್ಲದು!

ಕುಳಿತೊಡನೆ ಬರುವದು ನೀರು. ಕೈಕಾಲು ತೊಳೆಯಲು ಒಂದು ಕೊಡ, ಕುಡಿಯಲು ಒಂದು ತಂಬಿಗೆ. ಹಳೆಯ ಪದ್ಧತಿಯ ಮನೆಗಳಲ್ಲಿ ಅದರ ಸಂಗಡ ಒಂದು ಚೂರು ಬೆಲ್ಲ. ಈ ಲೇಖದಲ್ಲಿ ವಾಚಕರು ಒಂದೇ ಮಾತನ್ನು ನೆನಪಿಡುವದಾದರೆ ಅದು ಇದಾಗಿರಲಿ: ಆ ನೀರನ್ನು ಬೇಡವೆನ್ನಬಾರದು. ನೀರಡಿಕೆ ಇಲ್ಲದಿದ್ದರೂ ಎರಡು ಗುಟುಕು ಕುಡಿಯಬೇಕು. ತಂಬಿಗೆಯನ್ನು ತುಟಿಗೆ ಹಚ್ಚದೆ ಎತ್ತಿ ಕುಡಿಯುವದು ವಾಡಿಕೆ.

ಇಷ್ಟು ಸಣ್ಣ ಸಂಗತಿಗೆ ಇಷ್ಟೇಕೆ ಮಹತ್ವವೆಂದು ಕೆಲವರು ಕೇಳಬಹುದು. ನೀರನ್ನು ಮುಟ್ಟದಿರುವದು ಈ ನಾಡಿನಲ್ಲಿ ಬಹುಕಾಲ ಒಂದು ಭಾಷೆಯಾಗಿತ್ತು. ತಾನು ಮೇಲಿನವನೆಂದು ಎಣಿಸಿಕೊಂಡವನು ಕೆಳಗಿನವನೆಂದು ಎಣಿಸಿದವನ ಮನೆಯಲ್ಲಿ ನೀರು ಕುಡಿಯುತ್ತಿರಲಿಲ್ಲ. ಒಂದು ಬೈಗುಳವನ್ನೂ ಆಡದೆ, ಕೈಯಿಂದ ಬೇಡವೆಂದು ಸನ್ನೆ ಮಾಡಿ, ಒಂದು ಮನೆತನವನ್ನೆಲ್ಲ ಅವಮಾನಪಡಿಸಲು ಆ ಒಂದು ನಿರಾಕರಣೆ ಸಾಕಾಗುತ್ತಿತ್ತು. ಊರ ಬಾವಿಯಿಂದ ದೂರವಿಡಲ್ಪಟ್ಟವರ ನೋವನ್ನಂತೂ ಹೇಳಲಳವಲ್ಲ. 1927ರಲ್ಲಿ ಡಾ. ಅಂಬೇಡಕರರು ಮಹಾಡದ ಚವದಾರ ಕೆರೆಗೆ ಸಾವಿರಾರು ಜನರೊಡನೆ ಹೋಗಿ ಒಂದು ಬೊಗಸೆ ನೀರನ್ನು ಕುಡಿದರು. ಆ ಬೊಗಸೆ ನೀರಿಗಾಗಿ ದೇಶವೇ ಕಣ್ಣು ತೆರೆಯಬೇಕಾಯಿತು. 1950ರ ಜನೇವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೆಯ ಕಲಮು ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಆದರೆ ಕಾಯಿದೆಯಿಂದ ಹೋದ ರೂಢಿಯ ನೆನಪು ಮನಸ್ಸಿನಿಂದ ಅಷ್ಟು ಬೇಗ ಹೋಗುವದಿಲ್ಲ; ರೂಢಿಯೂ ಎಲ್ಲೆಡೆ ಅಳಿದಿದೆಯೆಂದು ಎದೆಮುಟ್ಟಿ ಹೇಳುವಂತಿಲ್ಲ. ಇಂದಿನ ಪ್ರವಾಸಿಯು ಆರೋಗ್ಯದ ಚಿಂತೆಯಿಂದ ತನ್ನ ಚೀಲದ ಬಾಟಲಿಯನ್ನು ತೋರಿಸಿ ‘ಬೇಡ, ನಮ್ಮ ನೀರು ನಮ್ಮ ಹತ್ತಿರ ಇದೆ’ ಎನ್ನುವನು. ಅವನ ಮನಸ್ಸಿನಲ್ಲಿ ಕೆಡಕಿಲ್ಲ. ಆದರೆ ತಂಬಿಗೆ ಹಿಡಿದು ನಿಂತ ಮುದುಕಿಗೆ ಕೇಳಿಸುವದು ಬೇರೆಯೇ ಮಾತು. ನೀರಿನ ಭಯವಿದ್ದವರು ತಂಬಿಗೆಯನ್ನು ಕೈಯಲ್ಲಿ ತೆಗೆದುಕೊಂಡು, ‘ಒಂದೀಟು ಬಿಸಿ ಚಹಾ ಆದರ ಭಾಳ ಚಲೋ ಆಗತೈತ್ರಿ’ ಎಂದು ಕೇಳಲಿ. ಕುದಿಸಿದ ಚಹದಿಂದ ಆರೋಗ್ಯವೂ ಉಳಿಯುವದು, ಕೇಳಿ ಕುಡಿದರೆಂಬ ಸಂತೋಷವೂ ಮನೆಯವರಿಗೆ ದೊರೆಯುವದು. ಇದೇ ಕಾರಣಕ್ಕಾಗಿ ಮನೆಯವರ ಜಾತಿಯನ್ನು ವಿಚಾರಿಸಬಾರದು. ‘ನೀವು ಯಾವ ಪೈಕಿ?’ ಎಂದು ಯಾರಾದರೂ ನಮ್ಮನ್ನೇ ಕೇಳಿದರೆ ಊರ ಹೆಸರನ್ನೂ ಉದ್ಯೋಗವನ್ನೂ ಹೇಳಿ ಮಾತನ್ನು ಮುಂದುವರಿಸುವದು ಉತ್ತಮ.

ಮಾತಿನ ವಿಷಯಕ್ಕೆ ಬರೋಣ. ದಕ್ಷಿಣದವರಿಗೆ ಇಲ್ಲಿಯ ಕನ್ನಡವು ಮೊದಲ ಸಲ ಬಿರುಸಾಗಿ ಕೇಳಿಸುವದು. ಆದರೆ ಮಾತಿನ ತುದಿಯಲ್ಲಿ ಬರುವ ‘ರೀ’ ಎಂಬ ಒಂದಕ್ಷರದಲ್ಲಿ ಎಲ್ಲ ಮರ್ಯಾದೆಯೂ ಅಡಗಿದೆ. ‘ಬರ್ರಿ, ಕುಂದರ್ರಿ, ಆರಾಮ ಅದೀರಿ?’ ಎಂಬಲ್ಲಿ ಅದನ್ನು ಕಾಣಬಹುದು. ಅಪರಿಚಿತರನ್ನು ಕರೆಯಲು ಹೆಸರು ಬೇಕಾಗಿಲ್ಲ. ಅಣ್ಣಾರ, ಅಕ್ಕಾರ, ಕಾಕಾ, ಅಜ್ಜಾರ ಎಂಬ ನಂಟಿನ ಹೆಸರುಗಳಿವೆ. ಹಿರಿಯರು ಏಕವಚನದಲ್ಲಿ ‘ಬಾ ತಮ್ಮಾ’ ಎಂದರೆ ಅದು ಅಗೌರವವಲ್ಲ, ಮನೆಯವನೆಂದು ಎಣಿಸಿದ ಗುರುತು. ಚಿಕ್ಕ ಹುಡುಗನನ್ನು ‘ಯಪ್ಪಾ’ ಎಂದೂ ಹುಡುಗಿಯನ್ನು ‘ಯವ್ವಾ’ ಎಂದೂ ಮುದುಕರು ಕರೆಯುವದನ್ನು ಕೇಳಿದರೆ ಹೊಸಬರಿಗೆ ಸೋಜಿಗವೆನಿಸೀತು. ಮಕ್ಕಳಲ್ಲಿ ತಮ್ಮ ತಂದೆತಾಯಿಗಳನ್ನು ಕಾಣುವ ಪ್ರೀತಿ ಅದು. ಲಿಂಗವಂತರ ಮನೆಗಳಲ್ಲಿ ‘ಶರಣು ಶರಣಾರ್ಥಿ’ ಎಂಬ ವಂದನೆಯುಂಟು. ಕೈಮುಗಿದು ಅದೇ ಮಾತಿನಿಂದ ಉತ್ತರ ಕೊಡಬೇಕು. ಜಾವಾದ ಭಾಷೆಯಲ್ಲಿ ಸಮಾನರೊಡನೆ ಆಡುವ ‘ಙೋಕೋ’, ಹಿರಿಯರೊಡನೆ ಆಡುವ ‘ಕ್ರಾಮಾ’ ಎಂದು ಪದಗಳೇ ಬೇರೆಬೇರೆಯಾಗಿವೆ. ಅಷ್ಟೊಂದು ಕಲಿಯುವ ಶ್ರಮವನ್ನು ನಮ್ಮ ಸೀಮೆಯು ಅತಿಥಿಗೆ ಕೊಡುವದಿಲ್ಲ. ಒಂದು ‘ರೀ’ ಬಂದರೆ ಸಾಕು.

ಇನ್ನೊಂದು ಭೇದವು ವಿನೋದಕರವಾಗಿದೆ. ಇಂಡೋನೇಶಿಯದಲ್ಲಿ ದಾರಿಯಲ್ಲಿ ಎದುರಾದವರನ್ನು ‘ಎಲ್ಲಿಗೆ ಹೊರಟಿರಿ?’ ಎಂದು ಕೇಳುವದೇ ಕುಶಲಪ್ರಶ್ನೆ. ನಮ್ಮಲ್ಲಿ ಹೊರಟವರನ್ನು ಹಾಗೆ ಕೇಳಿದರೆ ಕೆಲಸ ಕೆಟ್ಟಿತೆಂದು ಹಿರಿಯರು ಮುಖ ಗಂಟಿಕ್ಕುವರು. ಕೇಳಲೇಬೇಕಾದರೆ ‘ದೂರ ಹೊಂಟೀರಿ?’ ಎನ್ನಬೇಕು. ಒಂದು ನಾಡಿನ ಪ್ರೀತಿಯ ಮಾತು ಇನ್ನೊಂದು ನಾಡಿನ ಅಪಶಕುನವಾಗುವದೆಂದರೆ ಹೀಗೆ.

ಊಟದ ಮಾತು ದೊಡ್ಡದು. ಹೊತ್ತಿಗೆ ಬಂದವರನ್ನು ಉಣ್ಣದೆ ಕಳಿಸುವ ರೂಢಿ ಇಲ್ಲಿಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುವ ಸಪ್ಪಳ ಕೇಳಿಸತೊಡಗಿತೆಂದರೆ ಅತಿಥಿಯು ಏಳುವ ಮಾತನ್ನು ಬಿಟ್ಟುಬಿಡಬೇಕು. ಬಿಸಿ ಜೋಳದ ರೊಟ್ಟಿ, ಬದನೆಯ ಎಣ್ಣೆಗಾಯಿ, ಝುಣಕ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಕೆನೆಮೊಸರು. ಹಬ್ಬವಿದ್ದರೆ ಹೋಳಿಗೆ, ಇಲ್ಲವೆ ಹಾಲು ತುಪ್ಪ ಬೆರಸಿದ ಮಾದಲಿ. ರೊಟ್ಟಿಗಳು ಒಂದೊಂದಾಗಿ ಬಿಸಿಬಿಸಿಯಾಗಿ ಬರುವವು. ‘ಸಾವಕಾಶ ಊಟಾ ಮಾಡ್ರಿ’ ಎನ್ನುವದು ಇಲ್ಲಿಯ ಉಪಚಾರದ ಮಾತು. ಮೊದಲನೆಯ ಸಲ ‘ಸಾಕು’ ಎಂದರೆ ಅದನ್ನು ಯಾರೂ ನಂಬುವದಿಲ್ಲ. ಎರಡನೆಯದನ್ನು ಸಂಕೋಚವೆಂದು ತಿಳಿಯುವರು. ಮೂರನೆಯ ಸಲ ತಾಟಿನ ಮೇಲೆ ಎರಡೂ ಕೈ ಚಾಚಿದರೆ ಮಾತ್ರ ಬಿಡುವರು. ಜಾಣ ಅತಿಥಿಯು ಇದನ್ನರಿತು ಅರ್ಧ ಹೊಟ್ಟೆಗೇ ‘ಸಾಕು’ ಎನ್ನಲು ಆರಂಭಿಸುವನು. ಆದರೆ ತಾಟಿನಲ್ಲಿ ಬಿದ್ದುದನ್ನು ಬಿಡಬಾರದು. ಲಿಂಗವಂತರಲ್ಲಿ ಕೆಲವರು ಉಂಡ ತಾಟನ್ನು ತೊಳೆದು ಆ ನೀರನ್ನೂ ಕುಡಿಯುವರು. ಅನ್ನವು ಪ್ರಸಾದ, ಅದರ ಒಂದು ಕಣವೂ ಹಾಳಾಗಬಾರದೆಂಬ ಭಾವನೆ ಅದು. ಹೊಸಬರು ಅದನ್ನು ಕಂಡು ಅಚ್ಚರಿಪಡಕೂಡದು.

ಎಲ್ಲ ಮನೆಗಳ ನಿಯಮ ಒಂದೇ ಅಲ್ಲ. ತೇರದಾಳದಲ್ಲಿ 12ನೆಯ ಶತಮಾನದ ನೇಮಿನಾಥ ಬಸದಿಯಿದೆ. ಆ ಊರಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಜೈನ ಮನೆತನಗಳಿವೆ. ಅವರು ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರಾದುದರಿಂದ ಸಂಜೆಗೆ ಕರೆದರೆ ಬೆಳಕಿರುವಾಗಲೇ ಹೋಗಬೇಕು. ರಮಜಾನದ ಹಬ್ಬದಂದು ಮುಸಲ್ಮಾನ ಗೆಳೆಯರ ಮನೆಯಿಂದ ಸುರಕುಂಬಾ ಕುಡಿಯಲು ಕರೆ ಬಂದರೆ ತಪ್ಪದೆ ಹೋಗಬೇಕು. ಮೊಹರಮ್ಮಿನಲ್ಲಿ ಹಿಂದೂಗಳೂ ಹರಕೆ ಹೊತ್ತು ಸೇರುವ ಸೀಮೆಯಿದು. ಮಠಕ್ಕೆ ಹೋದರೆ ಸ್ವಾಮಿಗಳನ್ನು ಹಳ್ಳಿಗರು ‘ಅಜ್ಜಾರ’ ಎಂದು ಕರೆಯುವದನ್ನು ಕೇಳುವಿರಿ. ಅಲ್ಲಿಯ ದಾಸೋಹದ ಪಂಕ್ತಿಯಲ್ಲಿ ಸ್ಥಳ ಹುಡುಕದೆ ಬಂದ ಸಾಲಿನಲ್ಲಿಯೇ ಕುಳಿತು ಉಣ್ಣಬೇಕು. ಮೇಲು ಕೀಳೆಂಬ ನೀರಿನ ಲೆಕ್ಕವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಒಪ್ಪದೆ ನಿಂತ ಶರಣರ ನೆಲ ಇಲ್ಲಿಂದ ದೂರವಿಲ್ಲ. ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮವು ಇದೇ ಜಿಲ್ಲೆಯಲ್ಲಿದೆ.

ರಬಕವಿ–ಬನಹಟ್ಟಿಗಳು ನೇಕಾರರ ಊರುಗಳು. ಓಣಿಯಲ್ಲಿ ಕಾಲಿಟ್ಟೊಡನೆ ವಿದ್ಯುತ್ತಿನ ಮಗ್ಗಗಳ ಖಟಖಟ ಶಬ್ದ ಕಿವಿ ತುಂಬುವದು. ಕೈಮಗ್ಗದ ಮನೆಗಳೂ ಅಲ್ಲಲ್ಲಿ ಉಳಿದಿವೆ. ಕುಣಿಮಗ್ಗದಲ್ಲಿ ನೇಕಾರನು ನೆಲದ ತಗ್ಗಿನಲ್ಲಿ ಕಾಲಿಳಿಬಿಟ್ಟು ಕುಳಿತು ಲಾಳಿಯನ್ನು ಎಸೆಯುವನು. ಹಾಸು ಅವನ ಮುಂದೆ ನೆಲಮಟ್ಟದಲ್ಲಿಯೇ ಚಾಚಿರುವದು. ಬಂದವರು ಆ ಹಾಸನ್ನು ದಾಟಬಾರದು, ನೂಲಿಗೆ ಕಾಲು ತಾಗಿಸಬಾರದು. ನೇಕಾರನಿಗೆ ಮಗ್ಗವು ಉಪಕರಣ ಮಾತ್ರವಲ್ಲ, ಅದು ದೇವರು. ನೇಕಾರರು ತಮ್ಮ ಹಿರಿಯನೆಂದು ಭಾವಿಸುವ ಜೇಡರ ದಾಸಿಮಯ್ಯನು ಮಗ್ಗದ ಕಾಯಕದವನೇ. ಲಾಳಿ ನಡೆಯುತ್ತಿರುವಾಗ ಪ್ರಶ್ನೆಗಳ ಮಳೆಗರೆಯುವದೂ ಸರಿಯಲ್ಲ. ಎಳೆ ತುಂಡಾದರೆ ಅವನ ಹೊತ್ತೂ ಕೂಲಿಯೂ ಹೋದಂತೆ. ಅವನೇ ಕೈ ನಿಲ್ಲಿಸಿ ಮುಖವೆತ್ತುವ ವರೆಗೆ ಕಾಯಬೇಕು. ಹೊಲಗಳ ಕಡೆ ಹೋದರೂ ಇಂಥದೇ ಒಂದು ಮರ್ಯಾದೆಯುಂಟು. ಸೋಮವಾರ ಬಸವಣ್ಣನ ವಾರವೆಂದು ಒಕ್ಕಲಿಗರಲ್ಲಿ ಅನೇಕರು ಎತ್ತುಗಳ ಹೆಗಲಿಗೆ ನೊಗ ಇಡುವದಿಲ್ಲ. ಅಂದು ಚಕ್ಕಡಿ ಹೂಡಿಸಿಕೊಡಿರೆಂದು ಕೇಳಬಾರದು.

ಗೃಹಿಣಿಯರಿಗಾಗಿ ಕೆಲವು ಮಾತುಗಳು. ಮನೆಗೆ ಬಂದ ಹೆಣ್ಣುಮಗಳಿಗೆ ಕುಂಕುಮ ಹಚ್ಚದೆ ಬೀಳ್ಕೊಡುವದಿಲ್ಲ. ಹತ್ತಿರದವರಾದರೆ ಉಡಿ ತುಂಬುವರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಎಲೆ ಅಡಿಕೆ, ಮೇಲೊಂದು ಖಣ. ಅದನ್ನು ಸೆರಗಿನಲ್ಲಿ ತುಂಬಿಸಿಕೊಳ್ಳಬೇಕು. ಚೀಲದಲ್ಲಿ ಹಾಕಿರೆಂದು ಹೇಳುವದು ಬೇಡ. ಗಂಡನ ಹೆಸರನ್ನು ಹೇಳದ ಹಿರಿಯ ಹೆಂಗಸರು ಇಂದಿಗೂ ಇರುವರು. ‘ನಮ್ಮ ಮಾಲಕರು’ ಎಂದರೆ ಅವರ ಪತಿಯೆಂದು ತಿಳಿಯಬೇಕು. ಮದುವೆ ಕುಬಸಗಳಲ್ಲಿ ಒತ್ತಾಯ ಮಾಡಿದಾಗ ಪ್ರಾಸವುಳ್ಳ ಒಡಪಿನಲ್ಲಿ ಆ ಹೆಸರನ್ನು ಹೆಣೆದು ಹೇಳಿ ಎಲ್ಲರನ್ನೂ ನಗಿಸುವರು. ಪರಪುರುಷರು ಹೆಂಗಸರ ಕೈಹಿಡಿಯದ ಈ ಸಮಾಜದಲ್ಲಿ ಬಳೆಗಾರನೊಬ್ಬನಿಗೆ ಮಾತ್ರ ವಿನಾಯಿತಿ. ಅವನು ಯಾರ ಅಂಗಳದಲ್ಲಾದರೂ ಕುಳಿತು ಮನೆಯ ಹೆಣ್ಣುಮಕ್ಕಳ ಕೈಗೆ ಬಳೆ ಇಡಿಸಬಲ್ಲನು. ಅಂಥ ಬಳೆಗಾರರ ಮನೆತನದಲ್ಲಿಯೇ 949ರಲ್ಲಿ ಮುದುವೊಳಲಿನಲ್ಲಿ, ಎಂದರೆ ಈಗಿನ ಮುಧೋಳದಲ್ಲಿ, ಕವಿಚಕ್ರವರ್ತಿ ರನ್ನನು ಹುಟ್ಟಿದನು.

ಕಾಣಿಕೆಯ ವಿಷಯದಲ್ಲಿಯೂ ಎಚ್ಚರ ಬೇಕು. ಬರಿಗೈಯಿಂದ ಹೋಗಬಾರದು, ಮಕ್ಕಳಿಗೆಂದು ಏನಾದರೂ ತಿನಿಸನ್ನು ಒಯ್ಯಬೇಕು. ಕೊಡುವಾಗ ಮನೆಯ ಹಿರಿಯಳ ಕೈಗೆ ಮೊದಲು ಕೊಡುವದು ಕ್ರಮ. ಈ ಸೀಮೆಯ ಜನರು ಬೆಳತನಕ ಕುಳಿತು ನೋಡುವ ಶ್ರೀಕೃಷ್ಣ ಪಾರಿಜಾತದ ಆಟವೆಲ್ಲ ನಿಂತಿರುವದು ಯಾವದರ ಮೇಲೆ? ಒಂದು ಹೂವನ್ನು ಯಾವ ಹೆಂಡತಿಗೆ ಮೊದಲು ಕೊಡಬೇಕಾಗಿತ್ತೆಂಬ ಜಗಳದ ಮೇಲೆ! ಕೃಷ್ಣಪರಮಾತ್ಮನೇ ತೊಡಕಿಗೆ ಸಿಕ್ಕ ಈ ವಿಷಯದಲ್ಲಿ ನಾವು ಜಾಗರೂಕರಾಗಿರುವದು ಒಳಿತು. ಹಬ್ಬದ ಕಾಣಿಕೆಗಳಾದರೋ ಸುಲಭವಾಗಿವೆ. ಸಂಕ್ರಮಣಕ್ಕೆ ಎಳ್ಳುಬೆಲ್ಲ, ದಸರೆಗೆ ಬನ್ನಿ. ಬನ್ನಿಯ ಎಲೆಯನ್ನು ಕಿರಿಯರು ಹಿರಿಯರಿಗೆ ಕೊಟ್ಟು ‘ಬನ್ನಿ ತಗೊಂಡು ಬಂಗಾರದಾಂಗ ಇರೋಣ’ ಎಂದು ಕಾಲಿಗೆರಗುವರು. ವರುಷದ ಮನಸ್ತಾಪವನ್ನು ಮುಗಿಸಲು ಒಂದು ಎಲೆ ಸಾಕಾಗುವದು.

ಹೊರಡುವಾಗ ‘ಹೋಗುತ್ತೇನೆ’ ಎನ್ನಬಾರದು, ‘ಬರ್ತೀನ್ರಿ’ ಎನ್ನಬೇಕು. ‘ಹೋಗಿ ಬರ್ರಿ’ ಎಂದು ಮನೆಯವರ ಉತ್ತರ ಬರುವದು. ಅಷ್ಟರಲ್ಲಿ ಬಟ್ಟೆಯ ಗಂಟಿನಲ್ಲಿ ಖಡಕ ರೊಟ್ಟಿಯ ಬುತ್ತಿಯೂ ಬರುವದು. ಜಾವಾದಲ್ಲಿ ‘ಸ್ಲಾಮೆತಾನ್’ ಎಂಬ ಸಾಮೂಹಿಕ ಊಟ ಮುಗಿದ ಮೇಲೆ ನೆರೆಹೊರೆಯವರು ತಮ್ಮ ಪಾಲಿನ ಅನ್ನವನ್ನು ಮನೆಯವರಿಗಾಗಿ ಕಟ್ಟಿಕೊಂಡು ಹೋಗುವರಂತೆ. ಅನ್ನವನ್ನು ಕಟ್ಟಿ ಕಳಿಸುವ ಮನಸ್ಸು ಎರಡೂ ಕಡೆ ಒಂದೇ.

ಕೊನೆಯದಾಗಿ ಬೀಳಗಿಯ ಕಡೆಗೆ ಹೋಗುವವರಿಗೆ ಒಂದು ಸೂಚನೆ. ಕೃಷ್ಣೆಗೆ ಆಲಮಟ್ಟಿಯಲ್ಲಿ ಕಟ್ಟಿದ ಅಣೆಕಟ್ಟಿಗೆ 1964ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟರು. ಅದರ ಹಿನ್ನೀರಿನಲ್ಲಿ ಬೀಳಗಿ, ಬಾಗಲಕೋಟೆಗಳ ಸುತ್ತಲಿನ ಅನೇಕ ಹಳ್ಳಿಗಳು ಮುಳುಗಿದವು. ಜನರು ಮನೆ ಹೊಲಗಳನ್ನು ಬಿಟ್ಟು ಪುನರ್ವಸತಿಯ ಕೇಂದ್ರಗಳಿಗೆ ಹೋದರು. ಅಲ್ಲಿಯ ಹಿರಿಯರನ್ನು ‘ನಿಮ್ಮ ಊರು ಯಾವುದು?’ ಎಂದು ಕೇಳಿದರೆ ಕೆಲವೊಮ್ಮೆ ಎರಡು ಹೆಸರುಗಳು ಬರುವವು. ಒಂದು ಈಗ ಇರುವ ಊರು, ಇನ್ನೊಂದು ನೀರಿನ ಕೆಳಗಿನ ಊರು. ಆ ಎರಡನೆಯ ಊರಿನ ಮಾತು ಆರಂಭವಾದಾಗ ಗಡಿಯಾರವನ್ನು ನೋಡದೆ ಕುಳಿತು ಕೇಳುವದೇ ಅತಿಥಿಯು ಮಾಡಬಹುದಾದ ದೊಡ್ಡ ಮರ್ಯಾದೆ. ತಲೆಮಾರುಗಳಿಂದ ದಾರಿಹೋಕರಿಗೆ ಕಟ್ಟೆ ಕೊಟ್ಟವರ ಕಟ್ಟೆಗಳು ಈಗ ಹೊಳೆಯಲ್ಲಿವೆ. ಪರಿಹಾರದ ಹಣಕ್ಕಾಗಿ ಕಚೇರಿಯ ಬಾಗಿಲಲ್ಲಿ ಕೈಯೊಡ್ಡಿ ನಿಲ್ಲಬೇಕಾಗಿ ಬಂದುದು ಕೊಡುವದೇ ರೂಢಿಯಾಗಿದ್ದ ಆ ಜನರಿಗೆ ಎಷ್ಟು ಕಠಿಣವಾಗಿದ್ದೀತೆಂಬದನ್ನು ಊಹಿಸಬಹುದು. ಅವರ ಹೊಸ ಮನೆಯ ಪಡಸಾಲೆ ಇಕ್ಕಟ್ಟಾಗಿರಬಹುದು. ಆದರೂ ಬಂದವರಿಗೆ ಹಾಸಲು ಕಂಬಳಿಯುಂಟು, ಕೊಡಲು ನೀರುಂಟು. ಅಲ್ಲಿ ಅತಿಥಿಯು ಕುಡಿಯುವ ಎರಡು ಗುಟುಕು ನೀರಿನಿಂದ ಆ ಮನೆಯವರು ಪುನಃ ಕೊಡುವವರಾಗುವರು.

ಆತಿಥ್ಯವೆಂದರೆ ಮನೆಯವರ ಧರ್ಮವೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಬಂದವರಿಗೂ ಅದರಲ್ಲಿ ಪಾಲುಂಟು. ಕೊಡುವವರು ಸಂತೋಷದಿಂದ ಕೊಡಬೇಕಾದಂತೆ ಕೊಳ್ಳುವವರು ಸಂಕೋಚವನ್ನೂ ಹಮ್ಮನ್ನೂ ಬಿಟ್ಟು ಕೊಳ್ಳಬೇಕು. ವಾಚಕರು ಈ ಸೀಮೆಗೆ ಹೋದಾಗ ಉಳಿದುದನ್ನೆಲ್ಲ ಮರೆತರೂ ಮನೆಯವರು ನಕ್ಕು ತಿದ್ದುವರು. ಆ ಮೊದಲ ತಂಬಿಗೆಯೊಂದನ್ನು ಮಾತ್ರ ಎರಡೂ ಕೈಯಿಂದ ತೆಗೆದುಕೊಳ್ಳಲು ಮರೆಯದಿರಲಿ.